ಎರಡನೇ ಹಾಡಿನ ಹೊತ್ತಿಗೆ ತಲೆ ಎಣಿಕೆ

ಸಭೆಯ ಮಾಸಪತ್ರಿಕೆಯನ್ನು ಈಗ ನಡೆಸುತ್ತಿರುವ ಇಬ್ಬರು ತರುಣರು ಈಚೆಗೆ ವಿಲೆ ಪಾರ್ಲೆಯ ನನ್ನ ಮನೆಗೆ ಬಂದಿದ್ದರು. ಪುಟ ಕಟ್ಟುವುದು, ಫೋಟೋ ಹೊಂದಿಸುವುದು ಎಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರ ಕಷ್ಟ ಬೇರೆ. ಚರ್ಚಿನ ಪ್ರಸಂಗದ, ಎಂದರೆ ಉಪದೇಶದ, ಸಾರಾಂಶ, ಮದುವೆ, ದೀಕ್ಷಾಸ್ನಾನ, ಮರಣ, ಇಷ್ಟು ಹಾಕಿದ ಮೇಲೂ ಮೂರು ಪುಟ ಉಳಿಯುತ್ತವೆ, ಅಲ್ಲಿ ಏನು ಹಾಕುವುದು ಎಂದು ಕೇಳಿದರು. ನನ್ನ ಕೆಲಸದ ಕೊನೆಯ ಒಂಬತ್ತು ವರ್ಷ ಆ ಮೂರು ಪುಟ ತುಂಬಿಸುವುದರಲ್ಲೇ ಕಳೆದಿತ್ತು. ಬಾಯಲ್ಲಿ ಹೇಳಿದರೆ ಅರ್ಧ ಮರೆಯುತ್ತೇನೆ, ಬರೆದು ಕೊಡುತ್ತೇನೆ ಎಂದೆ.

ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ನಾನು ಒಂದು ಕನ್ನಡ ದಿನಪತ್ರಿಕೆಯ ಸುದ್ದಿಮೇಜಿನಲ್ಲಿದ್ದೆ. ಆ ಪತ್ರಿಕೆ ಮುಚ್ಚಿದಾಗ ಪರೇಲಿನ ನಮ್ಮ ಕನ್ನಡ ಸಭೆಯವರು ಕರೆದರು. ಸಭೆ ಎಂದರೆ ನಮ್ಮಲ್ಲಿ ಚರ್ಚಿಗೆ ಸೇರಿದ ಕುಟುಂಬಗಳ ಬಳಗ. ಹುಬ್ಬಳ್ಳಿ, ಗದಗ-ಬೆಟಗೇರಿ ಕಡೆಯಿಂದ ಗಿರಣಿ ಕೆಲಸಕ್ಕೆ ಬಂದವರು, ಮಂಗಳೂರು-ಉಡುಪಿ ಕಡೆಯಿಂದ ಹೋಟೆಲು, ಆಸ್ಪತ್ರೆ, ಆಫೀಸುಗಳಿಗೆ ಬಂದವರು ಎಲ್ಲ ಸೇರಿದ್ದ ಸಭೆ ಅದು. ಚರ್ಚ್ ಕಟ್ಟಡ ಮರಾಠಿ ಸಭೆಯದು. ಅವರ ಆರಾಧನೆ ಭಾನುವಾರ ಬೆಳಗ್ಗೆ ಎಂಟಕ್ಕೆ, ನಮ್ಮದು ಅದೇ ದಿನ ಸಾಯಂಕಾಲ ನಾಲ್ಕಕ್ಕೆ. ನಾನು ಸೇರಿದ್ದು ಮುಂಬಯಿಯ ಬಟ್ಟೆ ಗಿರಣಿಗಳ ದೊಡ್ಡ ಮುಷ್ಕರದ ಮರುವರ್ಷ.

ನನ್ನ ಮೇಲಧಿಕಾರಿ ಎಂದರೆ ಸಭೆಯ ಪಾಲಕರು, ರೆವರೆಂಡ್ ಬೆಂಜಮಿನ್. ಮಂಗಳೂರಿನವರು. ಎಲ್ಲರೂ ಅವರನ್ನು ಅಯ್ಯನವರು ಎನ್ನುತ್ತಿದ್ದರು. ಮೊದಲ ದಿನ ಅವರು ನನಗೆ ಒಂದು ಮೇಜು, ಒಂದು ಕುರ್ಚಿ, ಹಳೆಯ ಸಂಚಿಕೆಗಳ ಒಂದು ಕಟ್ಟು ಕೊಟ್ಟು, ನೀವು ಪೇಪರಿನವರು, ನನಗೆ ಪೇಪರು ಬೇಕು ಎಂದರು. ನಾನು ಅದನ್ನು ಅಕ್ಷರಶಃ ತೆಗೆದುಕೊಂಡೆ. ಹಳೆಯ ಸಂಚಿಕೆಗಳಲ್ಲಿ ಎಲ್ಲವೂ ವಿಜೃಂಭಣೆಯಿಂದ ನೆರವೇರುತ್ತಿತ್ತು, ಎಲ್ಲ ಪ್ರಸಂಗಗಳೂ ಮನಮುಟ್ಟುವಂತೆ ಇರುತ್ತಿದ್ದವು. ಅವನ್ನೆಲ್ಲ ಹೊಡೆದುಹಾಕಿ, ಮೊದಲ ಸಂಚಿಕೆಯಲ್ಲಿ ಹೀಗೆ ವರದಿ ಮಾಡಿದೆ: "ಪಾಲಕರು ನಂಬಿಕೆಯ ಕುರಿತು ನಲವತ್ತೇಳು ನಿಮಿಷ ಮಾತನಾಡಿದರು. ನಾಲ್ಕನೇ ಸಾಲಿನಲ್ಲಿ ಮೂವರು ನಿದ್ರಿಸುತ್ತಿದ್ದರು."

ಪ್ರೂಫ್ ನೋಡಿದವನು ಗ್ರಾಂಟ್ ರೋಡಿನ ಅಚ್ಚುಕೂಟದ ಕಂಪೋಸಿಟರ್ ನಂಜುಂಡಯ್ಯ. ಮೈಸೂರಿನ ಕಡೆಯವನು, ಹಣೆಗೆ ವಿಭೂತಿ ಇಲ್ಲದೆ ಮೊಳೆ ಮುಟ್ಟುತ್ತಿರಲಿಲ್ಲ. ಹದಿನೈದು ವರ್ಷದಿಂದ ನಮ್ಮ ಪತ್ರಿಕೆಯ ಅಕ್ಷರ ಜೋಡಿಸುತ್ತಿದ್ದ. ಅಚ್ಚಿನ ಮೊಳೆಯಲ್ಲಿ ಅಕ್ಷರ ಕನ್ನಡಿಯೊಳಗಿನ ಹಾಗೆ ತಿರುಗಿರುತ್ತದೆಯಲ್ಲ, ಆದ್ದರಿಂದ ಇಡೀ ಹೊಸ ಒಡಂಬಡಿಕೆಯನ್ನು ತಾನು ಬಲದಿಂದ ಎಡಕ್ಕೆ ಓದಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದ. ನನ್ನ ವರದಿ ಓದಿ, ಕೆಲಸ ಸಿಕ್ಕ ತಿಂಗಳೇ ಬಿಡಬೇಕು ಅಂತ ಆಸೆಯೇ ಸ್ವಾಮಿ ಎಂದು ಕೇಳಿದ.

ಸಂಚಿಕೆ ಹೊರಬಂದ ಭಾನುವಾರ ಅಯ್ಯನವರು ಪೀಠ ಹತ್ತಿ, ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡರು. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಪ್ರಸಂಗ ಮುಗಿಸಿ, ನಾಲ್ಕನೇ ಸಾಲಿನ ಕಡೆ ನೋಡಿ, "ಇವತ್ತು ಎಲ್ಲರೂ ಎದ್ದಿದ್ದೀರಿ, ಸಂಪಾದಕರು ಬರ್ಕೊಳ್ಳಲಿ" ಎಂದರು. ಚರ್ಚಿನೊಳಗೆ ಅಷ್ಟು ಜೋರಾದ ನಗುವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಲ್ಲಿಂದ ಮುಂದೆ ಅವರು ಇಪ್ಪತ್ತು ನಿಮಿಷ ಮೀರಲಿಲ್ಲ. ತರುಣರಿಗೆ ನಾನು ಹೇಳುವುದು: ಅಂಥ ಮೇಲಧಿಕಾರಿ ಎಲ್ಲರಿಗೂ ಸಿಗುವುದಿಲ್ಲ, ಮೊದಲ ತಿಂಗಳೇ ಪರೀಕ್ಷೆ ಮಾಡಲು ಹೋಗಬೇಡಿ.

ಮೂರನೇ ವರ್ಷ ಒಂದು ಕಾಗದ ಬಂತು. ಚರ್ಚ್ ಕಟ್ಟಡದ ವ್ಯವಸ್ಥಾಪಕ ಸಮಿತಿಯ ಕಾರ್ಯದರ್ಶಿ ಗಾಯಕವಾಡರು ಬರೆದದ್ದು. ಮರಾಠಿ ಸಭೆಯ ಹಿರಿಯರು, ಶಾಲಾ ಮಾಸ್ತರರಾಗಿ ನಿವೃತ್ತರಾದವರು, ಮಾತು ಕಡಿಮೆ. ಕಾಗದದಲ್ಲಿ ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ. ಮುಷ್ಕರದ ನಂತರ ಕನ್ನಡ ಆರಾಧನೆಗೆ ಜನ ತೀರ ಕಡಿಮೆ. ನಾಲ್ಕು ಗಂಟೆಯ ಹೊತ್ತನ್ನು ಮರಾಠಿ ತರುಣರ ಕೂಟ ಕೇಳುತ್ತಿದೆ. ಆರು ತಿಂಗಳು ಹಾಜರಿ ತೆಗೆಯಿರಿ, ಸರಾಸರಿ ನಲವತ್ತು ಇದ್ದರೆ ಮುಂದುವರಿಸೋಣ, ಇಲ್ಲದಿದ್ದರೆ ಕನ್ನಡದವರು ಬೆಳಗಿನ ಮರಾಠಿ ಆರಾಧನೆಗೆ ಸೇರಿಕೊಳ್ಳಲಿ. ಎಣಿಸುವ ಕೆಲಸ ಪತ್ರಿಕೆಯವರಿಗೇ ಇರಲಿ, ಅವರ ಅಂಕಿಯನ್ನು ಎರಡೂ ಕಡೆಯವರು ನಂಬುತ್ತಾರೆ ಎಂದೂ ಬರೆದಿದ್ದರು.

ನಾನು ಎಣಿಸಲು ಒಂದು ಕ್ರಮ ಮಾಡಿಕೊಂಡೆ. ಮೊದಲ ಹಾಡಿನಲ್ಲಿ ಜನ ಬರುತ್ತಲೇ ಇರುತ್ತಾರೆ. ಎರಡನೇ ಹಾಡಿಗೆ ಎಲ್ಲರೂ ಎದ್ದು ನಿಲ್ಲುತ್ತಾರೆ, ತಲೆಗಳು ಸ್ಪಷ್ಟವಾಗಿ ಕಾಣುತ್ತವೆ. ಆಗ ಹಿಂದಿನ ಬಾಗಿಲ ಬಳಿ ನಿಂತು ಎರಡು ಸಲ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಹೀಗಾಗಿ ಆ ಆರು ತಿಂಗಳು ನಾನು ಎರಡನೇ ಹಾಡು ಹಾಡಲೇ ಇಲ್ಲ. ಮೊದಲ ವಾರ ಮೂವತ್ತೊಂದು. ಮರುವಾರ ಇಪ್ಪತ್ತೆಂಟು. ಮಳೆ ಶುರುವಾದ ವಾರ ಹತ್ತೊಂಬತ್ತು.

ಇದರಿಂದ ಎಲ್ಲರಿಗಿಂತ ಹೆಚ್ಚು ಕಂಗಾಲಾದವನು ಸಮುವೇಲಪ್ಪ. ಬೆಟಗೇರಿಯವನು, ಮೂವತ್ತು ವರ್ಷ ಗಿರಣಿಯಲ್ಲಿ ನೇಯ್ಗೆ ಮಾಡಿದವನು. ಮುಷ್ಕರದಲ್ಲಿ ಕೆಲಸ ಹೋದ ಮೇಲೆ ಚರ್ಚಿನ ಬಾಗಿಲು ತೆಗೆಯುವುದು, ಗಂಟೆ ಹೊಡೆಯುವುದು, ಹಾಡಿನ ಪುಸ್ತಕ ಹಂಚುವುದು ಅವನ ಪಾಲಿಗೆ ಬಂದಿತ್ತು. ನನ್ನನ್ನು ಪೇಪರ್ ಸಾಹೇಬ್ರ ಎಂದು ಕರೆಯುತ್ತಿದ್ದ. ಒಂದು ಭಾನುವಾರ ಎಲ್ಲರೂ ಹೋದ ಮೇಲೆ ನನ್ನ ನೋಟ್‌ಬುಕ್ಕಿನೊಳಗೆ ಇಣುಕಿ, "ಒಂದ್ಹತ್ತ ಹೆಚ್ಚ ಬರೀರಲ್ಲ. ನಿಮ್ಮ ಪೆನ್ನಿಗೇನ್ ಭಾರ ಆಗ್ತದೇನ್ರಿ?" ಎಂದ.

ಆಗುತ್ತದೆ ಎಂದೆ. ಹಾಗಿದ್ದರೆ ನಮ್ಮ ಗತಿ ಏನು ಎಂದು ಕೇಳಿದ. ಮೂವತ್ತು ವರ್ಷ ಮರಾಠಿಯವರ ನಡುವೆ ದುಡಿದವನಲ್ಲವೇ ನೀನು, ಬೆಳಗಿನ ಆರಾಧನೆಗೆ ಹೋದರೆ ಏನು ಕಷ್ಟ ಎಂದೆ. ಅವನು ಪುಸ್ತಕಗಳ ರಾಶಿಯನ್ನು ಎದೆಗೆ ಒತ್ತಿಕೊಂಡ.

"ಮರಾಠಿ ಒಳಗ ಜಗಳಾ ಮಾಡ್ತೀನ್ರಿ, ಪಗಾರ ಕೇಳ್ತೀನಿ, ಸಂತಿ ಮಾಡ್ತೀನಿ. ಪ್ರಾರ್ಥನಿ ಮಾಡಾಕ ಬರಂಗಿಲ್ರಿ."

ಆದರೂ ಇಪ್ಪತ್ತಾರನ್ನು ಮೂವತ್ತಾರು ಮಾಡಲು ಕೈ ಬರಲಿಲ್ಲ. ಅಂಕಿ ಸರಿಯಿರಲಿ, ಜನ ಹೆಚ್ಚಾಗಲಿ ಎಂದು ಬೇರೆ ಉಪಾಯ ಹುಡುಕಿದೆ. ನನ್ನ ವೃತ್ತಿಯ ಅತಿ ದೊಡ್ಡ ಎಡವಟ್ಟು ಅಲ್ಲಿಂದ ಶುರು.

ಆ ತಿಂಗಳ ಸಂಚಿಕೆಯಲ್ಲಿ "ಕಾಣದವರು" ಎಂಬ ಅಂಕಣ ಹಾಕಿದೆ. ಸಭೆಯ ಪಟ್ಟಿಯಲ್ಲಿ ಹೆಸರಿದ್ದೂ ಬಾರದವರ ಹೆಸರು, ಹೆಸರಿನ ಮುಂದೆ ಎಷ್ಟು ಭಾನುವಾರ ಬರಲಿಲ್ಲ ಎಂಬ ಸಂಖ್ಯೆ. ಟೀಕೆಯಿಲ್ಲ, ವಿಶೇಷಣವಿಲ್ಲ, ಬರಿಯ ವಿವರ. ನಂಜುಂಡಯ್ಯ ಜೋಡಿಸಿದ ಮೊಳೆಗಳ ಮೇಲೆ ಕೈಯಿಟ್ಟು, ಇದು ಬೇಡ ಸ್ವಾಮಿ, ಮಕ್ಕಳ ಮಾರ್ಕ್ಸ್‌ಕಾರ್ಡನ್ನ ಗೋಡೆಗೆ ಅಂಟಿಸಿದ ಹಾಗೆ ಆಗುತ್ತೆ ಎಂದ. ಸಂಪಾದಕ ನಾನು ಎಂದೆ. ಅವನು ಕೈ ತೆಗೆದ.

ಪತ್ರಿಕೆ ಮನೆಮನೆಗೆ ಹೋದ ಮೂರನೇ ದಿನ ಮನೋಹರ ಬಂದ. ಉಡುಪಿಯ ಕಡೆಯವನು, ಗ್ರಾಂಟ್ ರೋಡ್ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ದೋಸೆ ಭಟ್ಟ. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡಿದ್ದ. ಕೂರಲು ಹೇಳಿದರೂ ಕೂರಲಿಲ್ಲ.

"ಸಂಪಾದಕರೇ, ಒಂದು ಕೆಲಸ ಮಾಡುವ. ಬರುವ ಭಾನುವಾರ ನಾಲ್ಕು ಗಂಟೆಗೆ ನೀವು ಬಂದು ಕಾವಲಿ ಎದುರು ನಿಲ್ಲಿ. ನಾನು ಚರ್ಚಿಗೆ ಹೋಗಿ ನಿಮ್ಮ ಜಾಗದಲ್ಲಿ ಕೂತ್ಕೊಳ್ತೇನೆ. ಆಗ್ತದಾ ನಿಮಗೆ?"

ಭಾನುವಾರ ಸಾಯಂಕಾಲ ಇಡೀ ಮುಂಬಯಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ದೋಸೆ ತಿನ್ನಲು ಬರುತ್ತದೆ. ಆ ಹೊತ್ತಿಗೆ ಯಾವ ಸೇಠ್ ಭಟ್ಟನಿಗೆ ರಜೆ ಕೊಡುತ್ತಾನೆ? ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಮನೋಹರನಾದರೂ ಬಂದು ಕೇಳಿದ. ಇನ್ನೂ ಕೆಲವರು ಪತ್ರಿಕೆಯನ್ನೇ ವಾಪಸು ಕಳಿಸಿದರು. ನನಗೆ ಹೆಚ್ಚು ಚುಚ್ಚಿದ್ದು ಸಿಸ್ಟರ್ ಸುಗುಣಾ. ಪರೇಲಿನ ಆಸ್ಪತ್ರೆಯೊಂದರಲ್ಲಿ ನರ್ಸು, ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ತಡವರಿಸುತ್ತ ಮಾತಾಡುತ್ತಿದ್ದಳು. ಅವಳ ಹೆಸರಿನ ಮುಂದೆ ಐದು ಎಂದು ಹಾಕಿದ್ದೆ. ಆ ತಿಂಗಳಿನಲ್ಲಿ ಐದು ಭಾನುವಾರಗಳಿದ್ದವು. ಜಗಳಕ್ಕೆ ಬಂದವಳಲ್ಲ, ತಿದ್ದುಪಡಿ ಹೇಳಲು ಬಂದವಳು.

"ಅಂಕಲ್, ಐದಲ್ಲ, ನಾಲ್ಕು. ಒಂದ್ ಸಂಡೇ ನಾನ್ ಬಂದಿದ್ದೆ. ಡ್ಯೂಟಿ ಮುಗ್ಸಿ ಬರೋದು ಲೇಟ್ ಆಯ್ತು, ಪೀಛೆ, ಬಾಗಿಲ ಹತ್ರ ನಿಂತಿದ್ದೆ. ನೀವು ನೋಡಿಲ್ಲ, ಇಟ್ಸ್ ಓಕೆ."

ಎರಡನೇ ಹಾಡು ಮುಗಿದ ಮೇಲೆ ನಾನು ಮುಂದೆ ಹೋಗಿ ಕೂರುತ್ತಿದ್ದೆ, ಬಾಗಿಲ ಕಡೆ ತಿರುಗಿ ನೋಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಇತರರ ವರದಿಯಲ್ಲಿ ತಪ್ಪು ಅಂಕಿ ಹಿಡಿದು ಬೈದವನ ಅಂಕಣದಲ್ಲೇ ತಪ್ಪು ಅಂಕಿ ಬಂದಿತ್ತು, ಅದೂ ಒಬ್ಬಳ ಮಾನಕ್ಕೆ ತಗಲುವಂಥದ್ದು.

ರಾಜೀನಾಮೆ ಬರೆದುಕೊಂಡು ಅಯ್ಯನವರ ಬಳಿ ಹೋದೆ. ಅವರು ಅದನ್ನು ಬಿಡಿಸಿ ಓದಲೂ ಇಲ್ಲ, ಟೀ ಲೋಟದ ಕೆಳಗೆ ಹಾಸಿಕೊಂಡರು. ನನ್ನನ್ನು ಕೂರಿಸಿ, ಆ ಅಂಕಣವನ್ನು ಎದುರಿಗಿಟ್ಟುಕೊಂಡು, "ಬಾರದವರು ಯಾರು ಅಂತ ಬರೆದಿದ್ದೀರಿ. ಸರಿ. ಆ ಹೊತ್ತಿಗೆ ಅವರು ಎಲ್ಲಿದ್ದರು, ಏನು ಮಾಡ್ತಾ ಇದ್ದರು? ಪೇಪರಿನವರಿಗೆ ಅದು ಸುದ್ದಿ ಅಲ್ಲವಾ?" ಎಂದರು.

ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಕ್ಷಮಾಪಣೆ ಹಾಕಿದೆ, ಸುಗುಣಾಳ ಅಂಕಿಯನ್ನು ತಿದ್ದಿದೆ. "ಕಾಣದವರು" ನಿಂತುಹೋಯಿತು. ಅದರ ಜಾಗದಲ್ಲಿ "ಭಾನುವಾರ ನಾಲ್ಕು ಗಂಟೆಗೆ" ಎಂಬ ಅಂಕಣ ಬಂತು. ತರುಣರು ಕೇಳಿದ ಆ ಮೂರು ಪುಟ ತುಂಬಿದ್ದು ಹೀಗೆ.

ನಾನು ತಲೆ ಎಣಿಸುವುದನ್ನು ಸಮುವೇಲಪ್ಪನಿಗೆ ವಹಿಸಿ ಒಂದು ಭಾನುವಾರ ಗ್ರಾಂಟ್ ರೋಡಿನ ಹೋಟೆಲಿಗೆ ಹೋದೆ. ಮೂರೂವರೆಗೆ ಅಡುಗೆಮನೆಯಲ್ಲಿ ಐದಾರು ಮಂದಿ ಸಾಯಂಕಾಲದ ಗದ್ದಲಕ್ಕೆ ಮೊದಲು ಚಹಾ ಕುಡಿಯುತ್ತಿದ್ದರು. ಮನೋಹರ ಹಿಟ್ಟಿನ ಪಾತ್ರೆಯ ಪಕ್ಕದ ಗೂಡಿನಿಂದ ಎಣ್ಣೆ ಜಿಡ್ಡು ಹಿಡಿದ ಒಂದು ಕೀರ್ತನೆಗಳ ಪುಸ್ತಕ ತೆಗೆದು, ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿದ. ಕ್ರೈಸ್ತ ಅವನೊಬ್ಬನೇ. ಉಳಿದವರು ಕುಂದಾಪುರ ಕಡೆಯ ಹಿಂದೂ ಹುಡುಗರು. ಓದಿ ಮುಗಿಯುವ ತನಕ ಯಾರೂ ಲೋಟ ಕೆಳಗಿಡಲಿಲ್ಲ. ಇದು ದಿನಾ ನಡೆಯುತ್ತದೆ ಎಂದು ಚಟ್ನಿ ರುಬ್ಬುವವನು ಹೇಳಿದ. ಒಂದು ದಿನ ಮನೋಹರ ಓದದಿದ್ದರೆ, ಎಂತ ಮಾರಾಯ, ಇವತ್ತು ನಿಮ್ಮ ದೇವರಿಗೆ ರಜೆಯಾ ಎಂದು ಅವರೇ ಕೇಳುತ್ತಾರಂತೆ. ಆಮೇಲೆ ಕಾವಲಿ ಕಾಯಿತು. ಸಾಯಂಕಾಲದ ಮೊದಲ ದೋಸೆಯನ್ನು ಮನೋಹರ ಎಲೆಗೆ ಹಾಕಿ ಹಿಂಬಾಗಿಲಿಂದ ಹೊರಗೆ ಕೂತಿದ್ದ ಕೈಗಾಡಿಯ ಮುದುಕನಿಗೆ ಕೊಟ್ಟ. ಎರಡನೆಯದು ಗಿರಾಕಿಗೆ. ಕೇಳಿದರೆ, ಮೊದಲಿನದ್ದು ಯಾವಾಗಲೂ ಹಾಗೆಯೇ, ಸೇಠಿಗೂ ಗೊತ್ತುಂಟು ಎಂದಷ್ಟೇ ಹೇಳಿದ.

ಚರ್ಚಿಗೆ ಹಿಂದಿರುಗಿ ಸಮುವೇಲಪ್ಪನ ಅಂಕಿ ಕೇಳಿದೆ. ಇಪ್ಪತ್ತೈದು ಎಂದ. ಹಂಚಿದ ಪುಸ್ತಕ ಎಷ್ಟು ಎಂದೆ. ಇಪ್ಪತ್ತನಾಲ್ಕು. ಹೆಚ್ಚಾದ ಒಂದು ಯಾರು ಎಂದರೆ, "ಇಬ್ರು ಮೂವರು ಕೂಡಿದಲ್ಲಿ ನಾ ಇರ್ತೀನಿ ಅಂತ ಪ್ರಭು ಹೇಳ್ಯಾನಲ್ರಿ. ಅವನ್ನ ಬಿಡಾಕ ಆಗ್ತದೇನು?" ಎಂದ. ನಾನು ಒಂದನ್ನು ಕಳೆದು ಬರೆದುಕೊಂಡೆ. ಆಮೇಲೂ ಅವನು ಎಣಿಸಿದಾಗಲೆಲ್ಲ ಒಂದು ಹೆಚ್ಚೇ ಬರುತ್ತಿತ್ತು, ನಾನು ಪ್ರತಿಸಲವೂ ಕಳೆಯುತ್ತಿದ್ದೆ. ಇದೊಂದು ಆಟವೇ ಆಗಿಹೋಯಿತು.

ಇನ್ನೊಂದು ಭಾನುವಾರ ಸುಗುಣಾಳ ವಾರ್ಡಿಗೆ ಹೋದೆ. ನಾಲ್ಕು ಗಂಟೆ ರೋಗಿಗಳನ್ನು ನೋಡಲು ಬರುವವರ ಹೊತ್ತು. ಪ್ರತಿ ಹಾಸಿಗೆಯ ಸುತ್ತ ಮನೆಯವರು. ವಿಜಾಪುರ, ರಾಯಚೂರು ಕಡೆಯಿಂದ ಬಂದು ಕಟ್ಟಡದ ಕೆಲಸದಲ್ಲಿ ಬಿದ್ದು ಕೈಕಾಲು ಮುರಿದುಕೊಂಡವರ ಬಳಿ ಮಾತ್ರ ಯಾರೂ ಇರುವುದಿಲ್ಲ. ಸುಗುಣಾ ಆ ಹೊತ್ತಿಗೆ ಅವರ ಹಾಸಿಗೆಗೆ ಹೋಗಿ, ಊರಿಗೆ ಬರೆಯಬೇಕಾದ ಪೋಸ್ಟ್‌ಕಾರ್ಡ್ ಬರೆದುಕೊಡುತ್ತಿದ್ದಳು. ಅವಳ ಕನ್ನಡ ಬರವಣಿಗೆ ಮಾತಿಗಿಂತ ಕಷ್ಟದ್ದು. ಒಂದೊಂದು ಅಕ್ಷರವನ್ನೂ ರೋಗಿಯನ್ನೇ ಕೇಳಿ ಬರೆಯುತ್ತಿದ್ದಳು, ಅಕ್ಷರ ಬಾರದ ರೋಗಿ ನಗುತ್ತಿದ್ದ. ಈ ವರದಿ ಅಚ್ಚಾದ ಮರುವಾರದಿಂದ ಸಭೆಯ ಇಬ್ಬರು ಹೆಂಗಸರು ಪೋಸ್ಟ್‌ಕಾರ್ಡ್ ಕಟ್ಟು ಹಿಡಿದು ವಾರ್ಡಿಗೆ ಹೋಗತೊಡಗಿದರು. ಹೋದದ್ದು ಭಾನುವಾರ ನಾಲ್ಕಕ್ಕೇ. ಹೀಗೆ ನನ್ನ ಅಂಕಣದ ದೆಸೆಯಿಂದ ಚರ್ಚಿನಲ್ಲಿ ಇನ್ನೂ ಎರಡು ತಲೆ ಕಡಿಮೆಯಾದವು.

ಇದನ್ನು ಅಯ್ಯನವರಿಗೆ ಆತಂಕದಿಂದ ಹೇಳಿದೆ. ಅವರು ನಕ್ಕು, ಹೀಗೇ ಬರೆಯುತ್ತಾ ಇರಿ, ಕೊನೆಗೆ ನಾನೂ ನೀವೂ ಇಬ್ಬರೇ ಉಳಿಯುತ್ತೇವೆ, ಪ್ರಸಂಗ ಐದು ನಿಮಿಷಕ್ಕೆ ಮುಗಿಸಬಹುದು ಎಂದರು. ಅವರು ನಗುತ್ತಿದ್ದರು, ನನಗೆ ನಗು ಬರುತ್ತಿರಲಿಲ್ಲ. ಆರು ತಿಂಗಳಲ್ಲಿ ನಾಲ್ಕು ಮುಗಿದಿತ್ತು, ಸರಾಸರಿ ಇಪ್ಪತ್ತನಾಲ್ಕರ ಮೇಲೆ ಏಳುತ್ತಿರಲಿಲ್ಲ.

ಆ ದಿನಗಳಲ್ಲೇ ಸಮುವೇಲಪ್ಪ ಒಂದು ಮಾತು ಹೇಳಿದ. ಅವನೊಡನೆ ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದೆ. ಆರಾಧನೆಗೆ ಗಂಟೆ ಹೊಡೆಯಲು ಈಗ ಗಡಿಯಾರ ನೋಡಬೇಕಾಗಿದೆ, ಮುಂಚಿನ ಗಂಟೆಯವನು ನೋಡುತ್ತಿರಲಿಲ್ಲ, ಗಿರಣಿಯ ಭೋಂಗಾ ಕೂಗಿದರೆ ಸಾಕಿತ್ತು ಎಂದ. ಭೋಂಗಾ ಎಂದರೆ ಪಾಳಿ ಬಿಟ್ಟಾಗ ಊರಿಗೆಲ್ಲ ಕೇಳುವಂತೆ ಕೂಗುವ ಸೈರನ್ನು. ಕೆಲವು ಗಿರಣಿಗಳಿಗೆ ವಾರದ ರಜೆ ಬೇರೆ ಬೇರೆ ದಿನ, ಭಾನುವಾರವೂ ಓಡುತ್ತಿದ್ದವು. ಮೂರೂವರೆಗೆ ಮೊದಲ ಪಾಳಿ ಬಿಡುತ್ತಿತ್ತು. ಆಗ ಇಲ್ಲಿ ಗಂಟೆ ಹೊಡೆಯುತ್ತಿದ್ದರು, ತಲೆಗೂದಲಲ್ಲಿ ಹತ್ತಿ ಅಂಟಿಸಿಕೊಂಡ ಜನ ನೇರ ಚರ್ಚಿಗೆ ಬರುತ್ತಿದ್ದರು. ನಾಲ್ಕಕ್ಕೆ ಆರಾಧನೆ.

ನಾನು ಒಳಗೆ ಹೋಗಿ ಕಪಾಟಿನಿಂದ ಸಭೆಯ ಹಳೆಯ ನಡವಳಿ ಪುಸ್ತಕ ತೆಗೆದೆ. ಒಬ್ಬರು ಹೇಳಿದ್ದನ್ನು ಕಾಗದದಲ್ಲಿ ನೋಡದೆ ನಂಬಬಾರದು ಎಂಬುದು ಸುದ್ದಿಮೇಜಿನಲ್ಲಿ ಕಲಿತದ್ದು. ಅರ್ಧ ಗಂಟೆ ಹುಡುಕಿದ ಮೇಲೆ ಸಿಕ್ಕಿತು. ಅಜ್ಜಂದಿರ ಕಾಲದ ಠರಾವು, ದುಂಡಗಿನ ಕೈಬರಹ: ಆರಾಧನೆಯು ಮೊದಲ ಪಾಳಿ ಬಿಟ್ಟ ಅರ್ಧ ಗಂಟೆಗೆ ಆರಂಭವಾಗತಕ್ಕದ್ದು. ನಾಲ್ಕು ಎಂಬ ಅಂಕಿಯೇ ಅಲ್ಲಿರಲಿಲ್ಲ. ಗಿರಣಿ ನಿಂತು ವರ್ಷಗಳಾಗಿದ್ದವು, ಭೋಂಗಾ ನಿಂತಿತ್ತು. ಆ ಪಾಳಿಯಲ್ಲಿ ದುಡಿಯುವವರು ಒಬ್ಬರೂ ನಮ್ಮಲ್ಲಿ ಉಳಿದಿರಲಿಲ್ಲ. ನಾವು ಮಾತ್ರ ಬಿಡದೆ ಆ ಪಾಳಿಗೇ ಕಾಯುತ್ತಿದ್ದೆವು. ಬಾರದವರ ಪಟ್ಟಿ ಮಾಡಿದ ನನಗೆ, ಕರೆಯುವ ಹೊತ್ತೇ ತಪ್ಪಿರಬಹುದು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಪುಸ್ತಕವನ್ನು ಅಯ್ಯನವರ ಮುಂದೆ ತೆರೆದಿಟ್ಟೆ. ಅವರು ಎರಡು ಸಲ ಓದಿದರು. ಆ ವರ್ಷದ ಬೆಳೆಹಬ್ಬಕ್ಕೆ ಹೊತ್ತೇ ಬೇಡ ಎಂದು ತೀರ್ಮಾನಿಸಿದರು.

ಬೆಳೆಹಬ್ಬವೆಂದರೆ ಊರುಗಳಲ್ಲಿ ಹೊಲದ ಮೊದಲ ಫಲವನ್ನು ಚರ್ಚಿಗೆ ತಂದು ಒಪ್ಪಿಸುವ ಭಾನುವಾರ. ಆರಾಧನೆಯಾದ ಮೇಲೆ ತಂದದ್ದನ್ನೆಲ್ಲ ಹರಾಜು ಹಾಕುತ್ತಾರೆ. ಹೊಲವಿಲ್ಲದ ಮುಂಬಯಿಯಲ್ಲಿ ಅದು ಮಾರ್ಕೆಟಿನಿಂದ ಕೊಂಡ ಕುಂಬಳಕಾಯಿಯ ಹಬ್ಬವಾಗಿತ್ತು. ಆ ಸಲ ಪತ್ರಿಕೆಯಲ್ಲಿ ಹೀಗೆ ಪ್ರಕಟಿಸಿದೆವು: ಬಾಗಿಲು ಬೆಳಗ್ಗೆ ಐದರಿಂದ ಸಾಯಂಕಾಲ ಆರರ ತನಕ ತೆರೆದಿರುತ್ತದೆ, ಮರಾಠಿ ಆರಾಧನೆಯ ಎರಡು ಗಂಟೆ ಬಿಟ್ಟು. ನಿಮಗೆ ಬಿಡುವಿದ್ದಾಗ ಬನ್ನಿ. ನಿಮ್ಮ ಕೆಲಸದ ಫಲ ತನ್ನಿ. ಬಂದವರಿಗೆ ಒಂದು ಹಾಡು, ಒಂದು ಪ್ರಾರ್ಥನೆ. ಗಂಟೆ ಪ್ರತಿ ಸಲವೂ ಹೊಡೆಯಲಾಗುವುದು.

ಈ ಕೊನೆಯ ವಾಕ್ಯ ಸಮುವೇಲಪ್ಪನ ಒತ್ತಾಯದಿಂದ ಸೇರಿಸಿದ್ದು. ಹಬ್ಬದ ದಿನ ಮಧ್ಯಾಹ್ನದ ಹೊತ್ತಿಗೆ ಅವನ ಹೆಗಲು ಬಿದ್ದುಹೋಗಿತ್ತು. ಎದುರಿನ ಚಾಳಿನ, ಎಂದರೆ ಗಿರಣಿಯವರ ವಠಾರದ, ಮರಾಠಿ ಅಜ್ಜಿಯೊಬ್ಬರು ಎಲ್ಲಾದರೂ ಬೆಂಕಿ ಬಿದ್ದಿದೆಯೇ ಎಂದು ಕೇಳಲು ಎರಡು ಸಲ ಬಂದರು, ಎರಡನೇ ಸಲ ಉಳಿದುಕೊಂಡರು. ಮನೋಹರ ಬೆಳಗ್ಗೆಯೇ ಅರ್ಧ ಡಬ್ಬಿ ದೋಸೆಹಿಟ್ಟು ಹೊತ್ತು ತಂದ. ಸುಗುಣಾ ರೋಗಿಗಳಿಗೆ ಅವರ ಊರುಗಳಿಂದ ಬಂದ ಉತ್ತರದ ಕಾರ್ಡುಗಳನ್ನು ದಾರದಲ್ಲಿ ಪೋಣಿಸಿ ತಂದಳು. ಪಾರ್ಲೆಯಲ್ಲಿ ಕಟ್ಟಡ ಕಟ್ಟುತ್ತಿದ್ದ ರಾಯಚೂರು ಕಡೆಯ ಒಂಬತ್ತು ಮಂದಿ ಮೊದಲ ಲೋಕಲ್ ಹಿಡಿದು ಬಂದು, ಒಂದು ಇಟ್ಟಿಗೆಯನ್ನು ತೊಳೆದು ತಂದಿಟ್ಟರು. ಅವರು ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ವಾರ್ಡಿನಲ್ಲಿ ಬಿದ್ದಿದ್ದ ಅವರ ಜೊತೆಯವನು ಹೇಳಿಕಳಿಸಿದ್ದನಂತೆ.

ಸಮುವೇಲಪ್ಪ ಎಲ್ಲರೂ ಇಟ್ಟ ಮೇಲೆ ಕೊನೆಗೆ ಒಂದು ಲಾಳಿ ತಂದಿಟ್ಟ. ಮೂವತ್ತು ವರ್ಷ ಅವನ ಮಗ್ಗದಲ್ಲಿ ಓಡಿದ, ಕೈ ತಾಗಿ ತಾಗಿ ನುಣುಪಾದ ಮರದ ಲಾಳಿ. ಕೆಲಸ ಇಲ್ಲದವನಿಗೆ ಫಲ ಎಲ್ಲಿಯದು, ಇದೊಂದ ಉಳದೈತಿ ಎಂದು ಯಾರ ಮುಖವನ್ನೂ ನೋಡದೆ ಹೇಳಿ ಗಂಟೆಯ ಹಗ್ಗದ ಕಡೆಗೆ ಹೋದ. ಹರಾಜಿನಲ್ಲಿ ಅದು ಬಂದಾಗ ಯಾರೂ ಬೆಲೆ ಕೂಗಲಿಲ್ಲ. ಹಬ್ಬ ನೋಡಲು ಬಂದು ಹಿಂದೆ ನಿಂತಿದ್ದ ಗಾಯಕವಾಡರು ಮುಂದೆ ಬಂದು ಅದನ್ನು ಕೈಗೆತ್ತಿಕೊಂಡರು. "ಮಾಝೆ ವಡೀಲ್ ಸಾಚಾ ಖಾತ್ಯಾತ್ ಹೋತೆ" ಎಂದರು. ಅವರ ತಂದೆಯೂ ಗಿರಣಿಯ ಮಗ್ಗದ ವಿಭಾಗದಲ್ಲಿ ಇದ್ದವರಂತೆ. ಅದನ್ನು ತಾವೇ ಕೊಂಡು, ಪೀಠದ ಮೇಲೆ ತೆರೆದಿದ್ದ ಸತ್ಯವೇದದ, ಎಂದರೆ ಬೈಬಲ್ಲಿನ, ಹಾಳೆ ಹಾರದಂತೆ ಅದರ ಮೇಲೆ ಇಟ್ಟರು. ಎರಡೂ ಸಭೆಯವರು ಓದುವ ಪೀಠ ಅದು.

ನಾನು ಇಡೀ ದಿನ ಬಾಗಿಲಲ್ಲಿ ಕೂತು ಬಂದವರನ್ನೂ ಬಂದ ಹೊತ್ತನ್ನೂ ಬರೆದೆ. ಎರಡನೇ ಹಾಡಿಗೆ ನಿಲ್ಲುವ ಪ್ರಶ್ನೆ ಇರಲಿಲ್ಲ. ಒಟ್ಟು ನೂರ ಇಪ್ಪತ್ತೆಂಟು ಮಂದಿ. ನಾಲ್ಕು ಗಂಟೆಗೆ, ಸಮಿತಿಯ ನಿಯಮದ ಪ್ರಕಾರ ಎಣಿಸಬೇಕಾದ ಹೊತ್ತಿಗೆ, ಹದಿನೇಳು.

ಆರನೇ ತಿಂಗಳು ಮುಗಿದಾಗ ವರದಿಯನ್ನು ಎರಡು ಹಾಳೆಗಳಲ್ಲಿ ಬರೆದೆ. ಮೊದಲ ಹಾಳೆಯಲ್ಲಿ ಕೇಳಿದ್ದಷ್ಟೇ: ನಾಲ್ಕು ಗಂಟೆಯ ಸರಾಸರಿ ಇಪ್ಪತ್ತನಾಲ್ಕು. ಎರಡನೇ ಹಾಳೆಯಲ್ಲಿ ಹಬ್ಬದ ದಿನ ಯಾವ ಗಂಟೆಯಲ್ಲಿ ಎಷ್ಟು ಮಂದಿ ಎಂಬ ಪಟ್ಟಿ. ಶಿಫಾರಸು ಬರೆಯಲಿಲ್ಲ, ಅದು ವರದಿಗಾರನ ಕೆಲಸವಲ್ಲ. ಗಾಯಕವಾಡರು ಕನ್ನಡಕ ಹಾಕಿಕೊಂಡು ಮೊದಲ ಹಾಳೆ ಓದಿದರು. ನಾಲ್ಕು ಗಂಟೆಯ ಆರಾಧನೆ ಇನ್ನಿಲ್ಲ, ನಿಯಮ ನಿಯಮವೇ ಎಂದರು. ಬಾಗಿಲ ಆಚೆ ಸಮುವೇಲಪ್ಪನ ಚಪ್ಪಲಿ ಸರಿದ ಸದ್ದು ಕೇಳಿಸಿತು.

ಗಾಯಕವಾಡರು ಎರಡನೇ ಹಾಳೆ ತೆಗೆದುಕೊಂಡರು. ಪಟ್ಟಿಯ ಮೇಲೆ ಬೆರಳು ಓಡಿಸುತ್ತ ಒಂದು ಸಾಲಿನಲ್ಲಿ ನಿಂತರು. ಬೆಳಗ್ಗೆ ಐದೂವರೆಯಿಂದ ಆರೂವರೆ, ಅರವತ್ತೊಂದು. ಈ ಹೊತ್ತಿಗೆ ಯಾಕೆ ಇಷ್ಟು ಜನ ಎಂದು ಹಿಂದಿಯಲ್ಲಿ ಕೇಳಿದರು. ನರ್ಸುಗಳ ಡ್ಯೂಟಿ ಏಳಕ್ಕೆ, ಕಟ್ಟಡದ ಕೂಲಿಗಳನ್ನು ಕರೆಯುವ ಮುಕಾದಮನ ಸೀಟಿ ಎಂಟಕ್ಕೆ, ದೋಸೆಭಟ್ಟನ ಕೆಲಸ ಹತ್ತಕ್ಕೆ, ಚಾಳಿನ ನಲ್ಲಿಯಲ್ಲಿ ನೀರು ಆರೂಕಾಲಿಗೆ ಎಂದೆ. ಅವರು ಕನ್ನಡಕ ತೆಗೆದರು. ಐದೂವರೆಗೆ ಚರ್ಚು ಖಾಲಿಯೇ ಇರುತ್ತದೆ, ಬೀಗದ ಕೈ ಹೇಗೂ ನಿಮ್ಮ ಗಂಟೆಯವನ ಬಳಿಯೇ ಇದೆಯಲ್ಲ ಎಂದರು. ಆ ಮಾತಿಗೆ ಅಯ್ಯನವರು ಎದ್ದು ಅವರ ಕೈ ಹಿಡಿದುಕೊಂಡರು.

ಮರುವರ್ಷದ ಮೊದಲ ಭಾನುವಾರ ನಾನು ಪಾರ್ಲೆಯಿಂದ ಮುಂಜಾನೆಯ ಲೋಕಲ್ ಹಿಡಿದು ಎಲ್ಫಿನ್‌ಸ್ಟನ್ ರೋಡಿನಲ್ಲಿ ಇಳಿದು ಸೇತುವೆ ದಾಟುವಾಗಲೇ ಗಂಟೆ ಕೇಳಿಸಿತು. ಯಾವ ಭೋಂಗಾಕ್ಕೂ ಕಾಯದೆ ಹೊಡೆದ ಗಂಟೆ. ಒಳಗೆ ದೀಪಗಳೆಲ್ಲ ಉರಿಯುತ್ತಿದ್ದವು. ಸುಗುಣಾ ಬಿಳಿ ಸೀರೆಯಲ್ಲಿ, ಡ್ಯೂಟಿಗೆ ಸಿದ್ಧಳಾಗಿ, ಮುಂದಿನ ಸಾಲಿನಲ್ಲಿ. ಮನೋಹರನ ಕಾಲ ಬಳಿ ಇಡ್ಲಿ ತುಂಬಿದ ಬುಟ್ಟಿ. ಇಟ್ಟಿಗೆ ತಂದವರು ಈ ಸ‌ಲ ಒಂಬತ್ತಲ್ಲ, ಹೆಂಡಿರು ಮಕ್ಕಳು ಸೇರಿ ಎರಡು ಬೆಂಚು. ಚಾಳಿನ ಹೆಂಗಸರು ಖಾಲಿ ಕೊಡಗಳನ್ನು ಬಾಗಿಲ ಹೊರಗೆ ಸಾಲಾಗಿ ಇಟ್ಟು ಬಂದಿದ್ದರು. ಆರು ಹತ್ತಕ್ಕೆ ಅಯ್ಯನವರು ಗಡಿಯಾರ ನೋಡಿ, ನಲ್ಲಿಯಲ್ಲಿ ನೀರು ಬರುವ ಹೊತ್ತಾಯಿತು, ಸಮಾಧಾನದಿಂದ ಹೋಗಿ ಎಂದು ಆಶೀರ್ವಾದ ಹೇಳಿದರು. ಪ್ರಸಂಗ ಹನ್ನೊಂದು ನಿಮಿಷ, ಇದನ್ನು ಮಾತ್ರ ನಾನು ಗುರುತು ಹಾಕಿಕೊಂಡಿದ್ದೆ.

ಮೆಟ್ಟಿಲ ಮೇಲೆ ಸಮುವೇಲಪ್ಪ ಹಗ್ಗ ಹಿಡಿದ ಅಂಗೈಗಳನ್ನು ಉಜ್ಜಿಕೊಳ್ಳುತ್ತ ನಿಂತಿದ್ದ. "ಎಷ್ಟಾತ್ರಿ, ಪೇಪರ್ ಸಾಹೇಬ್ರ?"

ನೋಟ್‌ಬುಕ್ ತೆರೆದೆ. ತಾರೀಖು ಬರೆದಿತ್ತು, ಅದರ ಮುಂದೆ ಏನೂ ಇರಲಿಲ್ಲ. ಎರಡನೇ ಹಾಡಿಗೆ ಎಲ್ಲರ ಜೊತೆ ನಾನೂ ಎದ್ದು ನಿಂತಿದ್ದೆ, ಹಾಡಿದ್ದೆ, ನಾಲ್ಕೂ ಚರಣ. ಎಣಿಸಲಿಲ್ಲ ಎಂದು ಒಪ್ಪಿಕೊಂಡೆ.

"ಹಂಗಾರ ಒಂದ್ ಅಂತ ಬರ್ಕೋರಿ. ಪ್ರಭು ಬಂದಿದ್ದ. ಅದಕ್ಕ ನಾ ಸಾಕ್ಷಿ ಅದೀನಿ."

ಒಂದು ಎಂದು ಬರೆದೆ. ಆ ನೋಟ್‌ಬುಕ್ ಈಗ ಆ ಇಬ್ಬರು ತರುಣರ ಬಳಿ ಇದೆ. ನನ್ನ ಕೆಲಸದ ಕಾಲದಲ್ಲಿ ಬೇಕೆಂದೇ ಪರಿಶೀಲನೆ ಮಾಡದೆ ದಾಖಲಿಸಿದ ಅಂಕಿ ಅದೊಂದೇ. ಅದನ್ನು ತಿದ್ದಬೇಡಿ ಎಂದು ಹೇಳಿದ್ದೇನೆ.